ಬಾಡಿಗೆಗೆ ಅಂತ ಆಸ್ತಿ ಮಾಡೋದಾದ್ರೆ ಫ್ಲಾಟಾ, ಬಿಲ್ಡಿಂಗಾ, ಮಳಿಗೆನಾ?

ನಮ್ಮ ಭಾವ ಹೋದ ತಿಂಗಳು ರಿಟೈರ್ ಆದ್ರು. ಬಂದ ದುಡ್ಡು, ಊರಲ್ಲಿ ತೋಟ ಮಾರಿದ್ದು ಎಲ್ಲಾ ಸೇರಿ ಹತ್ರಹತ್ರ ಒಂದು ಕೋಟಿ ಕೈಲಿದೆ, ಅದರ ಜೊತೆ ನಾಗರಬಾವಿ ದಾಟಿ ಆಚೆ ಯಾವ ಕಾಲದಲ್ಲೋ ತಗೊಂಡಿದ್ದ ಒಂದು 30/40 ಸೈಟು ಖಾಲಿ ಬಿದ್ದಿದೆ. ಮನೆಗೆ ಬಂದಾಗೆಲ್ಲ ಕಾಫಿ ಲೋಟ ಕೈಗೆ ಕೊಡೋದ್ರೊಳಗೆ ಒಂದೇ ಪ್ರಶ್ನೆ, "ತಿಂಗಳು ತಿಂಗಳು ಬಾಡಿಗೆ ಬರೋ ಹಂಗೆ ಎಲ್ಲಿ ಹಾಕ್ಲಯ್ಯಾ?" ಒಂದ್ಸಲ ಫ್ಲಾಟ್ ಅಂತಾರೆ, ಮುಂದಿನ ವಾರ ಯಾರೋ ಹೇಳಿದ್ರು ಅಂತ ಮಳಿಗೆ ಅಂತಾರೆ, ಆಮೇಲೆ ಪಿಜಿ.

ನನಗೂ ಇದ್ರಲ್ಲಿ ಅಷ್ಟೋ ಇಷ್ಟೋ ಅನುಭವ ಇದೆ. ವಿಜಯನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯ ಮೇಲಿನ ಪೋರ್ಷನ್‌ಗಳನ್ನ ನಾನೇ ನೋಡ್ಕೊಳ್ತೀನಿ, ವೈಟ್‌ಫೀಲ್ಡ್ ಕಡೆ ಸಾಲ ಮಾಡಿ ತಗೊಂಡ ಒಂದು 2ಬಿಎಚ್‌ಕೆ ಫ್ಲಾಟೂ ಇದೆ. ಎರಡೂ ಕಡೆ ಪೆಟ್ಟು ತಿಂದಾಗಿದೆ. ಹಂಗಾಗಿ ಭಾವನಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡ್ತಿದೀನಿ, ಬೇರೆಯವರಿಗೂ ಉಪಯೋಗಕ್ಕೆ ಬಂದ್ರೆ ಬರಲಿ.

ಮೊದಲು ಲೆಕ್ಕ. ಬ್ರೋಕರ್ ಹೇಳೋ ಲೆಕ್ಕ ಹೆಂಗಿರುತ್ತೆ ಅಂದ್ರೆ, "ಸಾರ್, 90 ಲಕ್ಷದ ಫ್ಲಾಟು, 30 ಸಾವಿರ ಬಾಡಿಗೆ, ವರ್ಷಕ್ಕೆ 3.6 ಲಕ್ಷ, 4 ಪರ್ಸೆಂಟ್ ಆಯ್ತಲ್ಲ." ಆಯ್ತು, ಕಾಗದದ ಮೇಲೆ. ಆದ್ರೆ 90 ಲಕ್ಷಕ್ಕೆ ಫ್ಲಾಟ್ ಸಿಕ್ಕಲ್ಲ ಕಣ್ರೀ, ರಿಜಿಸ್ಟ್ರೇಷನ್ ಇದೆ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ 5.6 ಪರ್ಸೆಂಟ್, ಅದರ ಮೇಲೆ ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಆಗಿದೆ, ಒಟ್ಟು 7.6. ಅಂದ್ರೆ 6.84 ಲಕ್ಷ. ಕಿಚನ್, ವಾರ್ಡ್‌ರೋಬು, ಗೀಸರು, ಫ್ಯಾನು ಅಂತ ಇನ್ನೊಂದು ಮೂರು ಲಕ್ಷ ಇಟ್ಕೊಳ್ಳಿ, ಅಲ್ಲಿಗೆ ಒಂದು ಕೋಟಿ ಮುಗೀತು. ಕಟ್ಟೋ ಹಂತದಲ್ಲಿರೋ ಫ್ಲಾಟಾದ್ರೆ 5 ಪರ್ಸೆಂಟ್ ಜಿಎಸ್‌ಟಿ ಬೇರೆ.

ಈಗ ಬಾಡಿಗೆ ಕಡೆ ಬನ್ನಿ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಇಟ್ಕೊಳ್ಲೇಬೇಕು, ಒಂದು ವರ್ಷ ಖಾಲಿ ಬೀಳ್ದೇ ಇದ್ರೂ ಇನ್ನೊಂದು ವರ್ಷ ಎರಡು ತಿಂಗಳು ಬೀಳುತ್ತೆ. 11 ತಿಂಗಳಿಗೆ 3.3 ಲಕ್ಷ. ಖಾಲಿ ತಿಂಗಳ ಮೇಂಟೆನೆನ್ಸ್ ನಿಮ್ಮ ಜೇಬಿಂದ, 1200 ಚದರಡಿಗೆ ಅಡಿಗೆ 4 ರೂಪಾಯಿ ಅಂದ್ರೂ 4,800. ಆಸ್ತಿ ತೆರಿಗೆ ಒಂದು 8 ಸಾವಿರ ಅಂತ ಹಿಡೀರಿ (ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದ್ರೆ 5 ಪರ್ಸೆಂಟ್ ಬಿಡ್ತಾರೆ, ಮರೀಬೇಡಿ, ಆಮೇಲೆ ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಗಿಂತ ರೇಟು ಜಾಸ್ತಿ, ಸ್ವಂತ ವಾಸ ಅಂತ ತುಂಬಿ ಸಿಕ್ಕಿಹಾಕ್ಕೋಬೇಡಿ). ರಿಪೇರಿ, ಪೇಂಟಿಂಗು ವರ್ಷಕ್ಕೆ ಸರಾಸರಿ 25 ಸಾವಿರ, ಬ್ರೋಕರಿಗೆ ಅಂತ 12 ಸಾವಿರ. ಇದೆಲ್ಲ ನಾನು ಅಂದಾಜಿಗೆ ಹಾಕಿರೋ ಅಂಕಿ, ನಿಮ್ಮದು ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ಕಳೆದ್ರೆ ಕೈಗೆ 2.8 ಲಕ್ಷ. ಒಂದು ಕೋಟಿ ಮೇಲೆ 2.8 ಪರ್ಸೆಂಟ್.

ಇನ್ಕಮ್ ಟ್ಯಾಕ್ಸ್ ಇನ್ನೂ ಬಾಕಿ. ಬಂದ ಬಾಡಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದಿದ್ರಲ್ಲಿ 30 ಪರ್ಸೆಂಟ್ ರಿಪೇರಿಗೆ ಅಂತ ಅವರೇ ಬಿಡ್ತಾರೆ, ನೀವು ರಿಪೇರಿ ಮಾಡ್ಸಿದ್ರೂ ಸರಿ, ಬಿಟ್ರೂ ಸರಿ. ಹಂಗಾಗಿ ಸುಮಾರು 2.25 ಲಕ್ಷಕ್ಕೆ ತೆರಿಗೆ. 30 ಪರ್ಸೆಂಟ್ ತೆರಿಗೆ ಸ್ಲ್ಯಾಬಲ್ಲಿ ಇರೋರಿಗೆ ಸೆಸ್ ಸೇರಿ 70 ಸಾವಿರ ಹೋಯ್ತು, ಕೊನೆಗೆ ಉಳಿದಿದ್ದು 2.1 ಪರ್ಸೆಂಟ್. ಭಾವನ ಥರ ರಿಟೈರ್ ಆದೋರಿಗೆ ಬೇರೆ ಆದಾಯ ಕಡಿಮೆ ಇದ್ರೆ ಈ ಪೆಟ್ಟು ಅಷ್ಟಾಗಿ ಬೀಳಲ್ಲ, ಸಂಬಳದೋರಿಗೆ ಬೀಳುತ್ತೆ.

"ಬಾಡಿಗೇಲೇ ಇಎಂಐ ಕಟ್ಕೊಂಡು ಹೋಗುತ್ತೆ" ಅನ್ನೋ ಮಾತು ಇದ್ಯಲ್ಲ, ಅದನ್ನ ನಂಬಿ ಕೆಟ್ಟೋರಲ್ಲಿ ನಾನೂ ಒಬ್ಬ. 70 ಲಕ್ಷ ಸಾಲ, 8.5 ಬಡ್ಡಿ, 20 ವರ್ಷ ಅಂದ್ರೆ ತಿಂಗಳ ಕಂತು 60 ಸಾವಿರದ ಮೇಲೆ. ಬಾಡಿಗೆ 30. ಉಳಿದರ್ಧ ಎಲ್ಲಿಂದ ಬರುತ್ತೆ? ಬಡ್ಡಿ ತೋರಿಸಿ ತೆರಿಗೆ ಉಳಿಸ್ತೀನಿ ಅಂದ್ರೆ, ಹಳೇ ತೆರಿಗೆ ಪದ್ಧತೀಲಿ (ರೆಜೀಮಲ್ಲಿ) ಈ ನಷ್ಟವನ್ನ ಸಂಬಳದ ಜೊತೆ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ಹೊಂದಿಸ್ಕೋಬಹುದು, ಹೊಸ ರೆಜೀಮಲ್ಲಿ ಅದೂ ಇಲ್ಲ.

ಹಂಗಾದ್ರೆ ಜನ ಯಾಕೆ ಫ್ಲಾಟ್ ತಗೊಳ್ತಾರೆ? ಬೆಲೆ ಏರುತ್ತೆ ಅಂತ. ಏರಬಹುದು, ಆದ್ರೆ ಏರೋದು ನೆಲ, ಗೋಡೆ ಅಲ್ಲ. ಗೋಡೆ ವರ್ಷ ವರ್ಷ ಹಳೇದಾಗ್ತಾನೇ ಇರುತ್ತೆ. ಅದಕ್ಕೆ ಫ್ಲಾಟ್ ನೋಡುವಾಗ ಕ್ಲಬ್‌ಹೌಸು, ಸ್ವಿಮ್ಮಿಂಗ್ ಪೂಲು ಕೇಳೋಕೆ ಮುಂಚೆ ಯುಡಿಎಸ್ ಎಷ್ಟು ಅಂತ ಕೇಳಿ, ಅಂದ್ರೆ ಅಷ್ಟೂ ಜಾಗದಲ್ಲಿ ನಿಮ್ಮ ಹೆಸರಿಗೆ ಬರೋ ನೆಲದ ಪಾಲು. 20 ಮಹಡಿ ಟವರಲ್ಲಿ 1200 ಅಡಿ ಫ್ಲಾಟಿಗೆ ನೆಲ ಬರೋದು ಅಂಗೈಯಗಲ, ಹಳೇ ನಾಲ್ಕು ಮಹಡಿ ಅಪಾರ್ಟ್‌ಮೆಂಟಲ್ಲಿ ಒಳ್ಳೇ ಪಾಲು ಇರುತ್ತೆ. ಹಾಗಂತ ತೀರಾ ಹಳೇದಕ್ಕೆ ಬಾಡಿಗೆದಾರರು ಬರಬೇಕಲ್ಲ, ಲಿಫ್ಟ್ ಇಲ್ಲ ಅಂದ್ರೆ ಮೂರನೇ ಮಹಡಿ ಯಾರೂ ಹತ್ತಲ್ಲ.

ಫ್ಲಾಟಿನ ಒಳ್ಳೇ ಗುಣ ಒಂದೇ, ತಲೆನೋವು ಕಡಿಮೆ. ಸಂಪು, ಮೋಟ್ರು, ಸೆಕ್ಯೂರಿಟಿ, ಕಸ ಎಲ್ಲಾ ಅಸೋಸಿಯೇಷನ್ ಪಾಲು. ಆದ್ರೆ ಒಂದೇ ಮನೆ ಆದ್ದರಿಂದ ಖಾಲಿ ಆದ್ರೆ ಪೂರ್ತಿ ಖಾಲಿ. 2020ರಲ್ಲಿ ಕಂಪನಿಗಳೆಲ್ಲ ವರ್ಕ್ ಫ್ರಮ್ ಹೋಮ್ ಅಂದಾಗ ನನ್ನ ಫ್ಲಾಟಲ್ಲಿದ್ದ ಹುಡುಗರು ಊರಿಗೆ ಹೋದೋರು ಅಲ್ಲಿಂದಾನೇ ಫೋನ್ ಮಾಡಿ "ಅಂಕಲ್, ಖಾಲಿ ಮಾಡ್ತೀವಿ" ಅಂದ್ರು, ಐದು ತಿಂಗಳು ಬೀಗ, ಮೇಂಟೆನೆನ್ಸ್ ಮಾತ್ರ ತಪ್ಪದೆ ಕಟ್ಟಿದೆ. ಅದಕ್ಕಿಂತ ಬಿಸಿ ಮುಟ್ಟಿದ್ದು ಅಡ್ವಾನ್ಸ್ ವಾಪಸ್ ಕೊಡೋವಾಗ. ಆ ದುಡ್ಡನ್ನ ನಾನು ಯಾವತ್ತೋ ಮಗಳ ಕಾಲೇಜ್ ಫೀಸಿಗೆ ಹಾಕ್ಬಿಟ್ಟಿದ್ದೆ. ಹೆಂಡತಿ ಬಳೆ ಬ್ಯಾಂಕಲ್ಲಿಟ್ಟು ಕೊಟ್ಟಿದ್ದಾಯ್ತು. ಅವತ್ತಿಂದ ಅಡ್ವಾನ್ಸ್ ಬಂದ ದಿನಾನೇ ಎಫ್‌ಡಿ.

ಸೈಟಲ್ಲಿ ಬಿಲ್ಡಿಂಗ್ ಕಟ್ಟಿಸೋದು

ಬೆಂಗಳೂರಿನೋರಿಗೆ ಇದು ಹಳೇ ದಾರಿ, ವಠಾರದ ಕಾಲದಿಂದ ಬಂದಿದ್ದು. 30/40 ಸೈಟಲ್ಲಿ ನೆಲ ಮತ್ತು ಎರಡು ಮಹಡಿ, ಮಹಡಿಗೆ ಎರಡು ಸಣ್ಣ 1ಬಿಎಚ್‌ಕೆ, ಒಟ್ಟು ಆರು ಪೋರ್ಷನ್. 2,700 ಚದರಡಿ, ಅಡಿಗೆ 2,200 ಅಂತ ಹಿಡಿದ್ರೆ 59.4 ಲಕ್ಷ. ಒಂದೊಂದಕ್ಕೆ 12 ಸಾವಿರ ಬಂದ್ರೆ ತಿಂಗಳಿಗೆ 72, ವರ್ಷಕ್ಕೆ 8.64 ಲಕ್ಷ. ಭಾವ ಇದನ್ನ ಕೇಳಿದ್ದೇ "14 ಪರ್ಸೆಂಟ್ ಮೇಲೆ ಬರುತ್ತಲ್ಲೋ!" ಅಂತ ಎದ್ದು ನಿಂತ್ಬಿಟ್ರು. ನಾನಂದೆ, "ಭಾವ, ಕೂತ್ಕೊಳ್ಳಿ. ಸೈಟು ಎಷ್ಟಕ್ಕೆ ಹೋಗುತ್ತೆ ಇವತ್ತು?" ಒಂದು ಕೋಟಿ ಇಪ್ಪತ್ತಂತೆ. ಅದನ್ನೂ ಸೇರಿಸಿದ್ರೆ ಹಾಕಿರೋದು 1.79 ಕೋಟಿ, ಬಾಡಿಗೆ 4.8 ಪರ್ಸೆಂಟ್, ಅದೂ ಖರ್ಚು ಕಳೆಯೋ ಮುಂಚೆ. ಅಪ್ಪ ಬಿಟ್ಟು ಹೋಗಿದ್ದು, ಹಿಂದೆ ಚೀಪಾಗಿ ತಗೊಂಡಿದ್ದು ಅಂತ ಸೈಟನ್ನ ಸೊನ್ನೆ ಅಂತ ಲೆಕ್ಕ ಹಾಕೋದು ನಮ್ಮಲ್ಲಿ ಎಲ್ಲರೂ ಮಾಡೋ ತಪ್ಪು.

ಹಂಗಿದ್ರೂ ಫ್ಲಾಟಿನ 4ಕ್ಕಿಂತ ಮೇಲೇನೇ. ಅದಲ್ದೆ ಆರರಲ್ಲಿ ಒಂದು ಖಾಲಿ ಆದ್ರೆ ಐದರಿಂದ ದುಡ್ಡು ಬರ್ತಾ ಇರುತ್ತೆ, ನೆಲ ಪೂರ್ತಿ ನಿಮ್ಮದು. ಬೆಲೆ ಏನು ಅಂದ್ರೆ ನಿಮ್ಮ ನೆಮ್ಮದಿ. ರಾತ್ರಿ ಹನ್ನೊಂದಕ್ಕೆ "ಅಂಕಲ್, ನಲ್ಲೀಲಿ ನೀರು ಬರ್ತಿಲ್ಲ" ಅಂತ ಫೋನ್ ಬಂದ್ರೆ ಸಂಪಲ್ಲಿ ಟಾರ್ಚ್ ಬಿಟ್ಟು ನೋಡೋದು ನೀವೇ. ಅದಕ್ಕೆ ನಾನು ಹೇಳೋದು, ಬಿಲ್ಡಿಂಗ್ ಬಾಡಿಗೆ ಆಸ್ತಿ ಅಲ್ಲ, ಅದೊಂದು ಸಣ್ಣ ಕೆಲಸ, ಮನೆಯಿಂದ ಅರ್ಧ ಗಂಟೇಲಿ ಹೋಗೋ ದೂರದಲ್ಲಿದ್ರೆ ಮಾತ್ರ ಮಾಡಬೇಕು. ಭಾವ ಇರೋದು ಚಂದ್ರಾ ಲೇಔಟಲ್ಲಿ, ಸ್ಕೂಟರಲ್ಲಿ ಹೋಗಿ ಬರಬಹುದು, ಟೈಮೂ ಇದೆ.

ಕಟ್ಟೋರು ಎರಡು ವಿಷಯದಲ್ಲಿ ಜಿಪುಣತನ ಮಾಡಬಾರದು. ಒಂದು ಕರೆಂಟ್ ಮೀಟ್ರು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆ ನೋಡೋಕೆ ಬರೋರು ಬಾಗಿಲಲ್ಲಿ ನಿಂತೇ ಕೇಳೋದು "ಮೀಟ್ರು ಬೇರೆನಾ?" ಅಂತ, ಯಾಕಂದ್ರೆ 200 ಯೂನಿಟ್ ತನಕದ ಲಾಭ ಬಾಡಿಗೆದಾರರಿಗೂ ಸಿಗುತ್ತೆ, ಎರಡು ಮನೆ ಒಂದೇ ಮೀಟ್ರಲ್ಲಿದ್ರೆ ಇಬ್ಬರಿಗೂ ತಪ್ಪಬಹುದು. ಇನ್ನೊಂದು ನೀರು. 2024ರ ಬೇಸಿಗೆ ಯಾರೂ ಮರೆತಿಲ್ಲ, ಟ್ಯಾಂಕರಿಗೆ ಜಿಲ್ಲಾಡಳಿತ ರೇಟ್ ನಿಗದಿ ಮಾಡೋ ಸ್ಥಿತಿ ಬಂತು. ಅದೇ ವರ್ಷ ಅಕ್ಟೋಬರಲ್ಲಿ ಕಾವೇರಿ 5ನೇ ಹಂತ ಶುರುವಾಯ್ತು, ಹೊರವಲಯದ 110 ಹಳ್ಳಿಗಳಿಗೆ ಅಂತ 775 ಎಂಎಲ್‌ಡಿ, ಅಂದ್ರೆ ದಿನಕ್ಕೆ 77.5 ಕೋಟಿ ಲೀಟರ್. ಆದ್ರೆ ಏರಿಯಾಗೆ ಪೈಪ್ ಬಂದಿರೋದು ಬೇರೆ, ನಿಮ್ಮ ಬಿಲ್ಡಿಂಗಿಗೆ ಕನೆಕ್ಷನ್ ಇರೋದು ಬೇರೆ, ನಲ್ಲೀಲಿ ನೀರು ಬೀಳೋದು ಮೂರನೇದು. ಮಾರೋರು ಮೊದಲನೇದು ಹೇಳಿ ಸುಮ್ಮನಾಗ್ತಾರೆ.

ಪ್ಲಾನ್ ಮೀರಿ ಒಂದು ಮಹಡಿ ಎತ್ತೋ ಆಸೆ ಎಲ್ಲರಿಗೂ ಇರುತ್ತೆ, "ಎಲ್ಲರೂ ಕಟ್ತಾರೆ ಸಾರ್" ಅಂತ ಮೇಸ್ತ್ರಿನೂ ಹೇಳ್ತಾನೆ. ಕೊನೆಗೆ ಓಸಿ (ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನೋ ಸರ್ಟಿಫಿಕೇಟು) ಇಲ್ಲ, ಮಾರೋವಾಗ ಬ್ಯಾಂಕ್ ಸಾಲ ಕೊಡಲ್ಲ, ತಗೊಳೋನು ಅದೇ ನೆಪದಲ್ಲಿ ರೇಟ್ ಕತ್ತರಿಸ್ತಾನೆ. ಇ-ಖಾತಾ, ಅಂದ್ರೆ ಆಸ್ತಿಯ ಆನ್‌ಲೈನ್ ಖಾತೆ, ಇಲ್ದೆ ಈಗ ನೋಂದಣಿನೇ ಆಗಲ್ಲ, ಅದನ್ನ ಮೊದಲೇ ಮಾಡ್ಸಿಟ್ಕೊಳ್ಳಿ, ಬಿ ಖಾತಾ ಆಸ್ತಿ (ಅನುಮತಿ, ದಾಖಲೆ ಪೂರ್ತಿ ಸರಿಯಿಲ್ಲದ್ದು) ಆದ್ರೆ ಲಾಯರ್ ಹತ್ರ ಕಾಗದ ತೋರಿಸದೆ ಟೋಕನ್ ಕೂಡ ಕೊಡಬೇಡಿ.

ಪಿಜಿಯೋರಿಗೆ ಪೂರ್ತಿ ಬಿಲ್ಡಿಂಗ್ ಕೊಡೋದು ಇದರದ್ದೇ ಇನ್ನೊಂದು ರೂಪ. ಒಬ್ಬನೇ ಬಂದು ಇಡೀ ಬಿಲ್ಡಿಂಗಿಗೆ ಒಟ್ಟಾಗಿ ಬಾಡಿಗೆ ಕೊಡ್ತಾನೆ, ಮೂರು ವರ್ಷ ಐದು ವರ್ಷ ಅಂತ ಕರಾರು, ಆರು ಜನರ ಹಿಂದೆ ಓಡಾಡೋ ಹಾಗಿಲ್ಲ. ಕೇಳೋಕೆ ಚೆನ್ನಾಗಿದೆ. ಆದ್ರೆ ಹನ್ನೆರಡು ಜನ ಇರೋ ಕಡೆ ಮೂವತ್ತು ಜನ ಸೇರಿದ್ರೆ ಬಾತ್‌ರೂಮು, ಡ್ರೈನೇಜು, ಸಂಪು ಎಲ್ಲಾ ಮೂರು ಪಟ್ಟು ಸವೆಯುತ್ತೆ, ಬಿಟ್ಟು ಹೋದಾಗ ಬಿಲ್ಡಿಂಗ್ ಗುರುತೇ ಸಿಗಲ್ಲ. 2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂತು, ಒಬ್ಬರಿಗೆ ಕನಿಷ್ಠ 70 ಚದರಡಿ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ ಅಂತೆಲ್ಲ. ಲೈಸೆನ್ಸ್ ಅವನು ತಗೋಬೇಕು ನಿಜ, ಬೀಗ ಜಡಿಯೋದು ಮಾತ್ರ ನಿಮ್ಮ ಬಾಗಿಲಿಗೆ. ಅಕ್ಕಪಕ್ಕದೋರ ಜೊತೆ ಮುಖ ಕೊಟ್ಟು ಮಾತಾಡೋ ಹಾಗೂ ಇರಲ್ಲ. ನಾನಂತೂ ಕೊಡಲ್ಲ.

ಮಳಿಗೆ ವಿಷಯಕ್ಕೆ ಬಂದ್ರೆ, ಹಾಕಿದ ದುಡ್ಡಿಗೆ ಬಾಡಿಗೆ ಮನೆಗಿಂತ ಜಾಸ್ತಿ, ಒಳಗಿನ ಕೆಲಸ ಎಲ್ಲಾ ಬಾಡಿಗೆದಾರನೇ ಮಾಡ್ಸ್ಕೊಳ್ತಾನೆ, ಒಂದ್ಸಲ ವ್ಯಾಪಾರ ಕುದುರಿದ್ರೆ ಹತ್ತು ವರ್ಷ ಅಲ್ಲಾಡಲ್ಲ. ಆದ್ರೆ ಖಾಲಿ ಬಿದ್ರೆ ತಿಂಗಳಲ್ಲ, ವರ್ಷಾನುಗಟ್ಟಲೆ ಬೀಳುತ್ತೆ. ರಸ್ತೆ ಅಗೆದ್ರೆ ಮುಗೀತು. ಇಂದಿರಾನಗರದ ಸಿಎಂಎಚ್ ರೋಡ್ ನೆನಪಿದ್ಯಾ, ಮೆಟ್ರೋ ಕೆಲಸಕ್ಕೆ ಅಂಗಡಿಯೋರು ಎಷ್ಟು ವಿರೋಧ ಮಾಡಿದ್ರು, ರೈಲು ಓಡಿದ್ದು 2011ರ ಅಕ್ಟೋಬರಲ್ಲಿ, ಅಲ್ಲೀತನಕ ಎದುರುಗಡೆ ಶೀಟು ಕಟ್ಟಿದ್ದ ಅಂಗಡಿಗೆ ಯಾರು ಹೋಗ್ತಾರೆ. ಮೆಟ್ರೋ ಬಂದ್ರೆ ಬೆಲೆ ಏರುತ್ತೆ ಅನ್ನೋದು ನಿಜ, ಬರೋ ತನಕ ಬದುಕಬೇಕಲ್ಲ. ಮನೆ ಬಾಡಿಗೆಗೆ ವಾಸಕ್ಕೆ ಅಂತ ಕೊಟ್ರೆ ಸಾಮಾನ್ಯವಾಗಿ ಜಿಎಸ್‌ಟಿ ತಂಟೆ ಇಲ್ಲ, ಮಳಿಗೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ರಿಜಿಸ್ಟರ್ ಆಗಿ 18 ಪರ್ಸೆಂಟ್ ಹಾಕಬೇಕು. ಭಾವನ ಬಜೆಟ್ಟಿಗೆ ಸಿಗೋದು ಯಾವುದೋ ಕಾಂಪ್ಲೆಕ್ಸಿನ ಮೊದಲ ಮಹಡಿ ಮೂಲೆ ಅಂಗಡಿ. ಬೇಡ ಅಂದೆ.

ಕಟ್ಟಡನೇ ಬೇಡ, ಬಾಡಿಗೆ ಮಾತ್ರ ಬೇಕು ಅನ್ನೋರಿಗೆ ರೀಟ್ ಇದೆ. ಷೇರಿನ ಥರ ಯೂನಿಟ್ ತಗೊಳೋದು, ಅವರು ಟೆಕ್ ಪಾರ್ಕು, ಮಾಲುಗಳ ಬಾಡಿಗೆ ವಸೂಲಿ ಮಾಡಿ ಹಂಚೋಕೆ ಸಿಗೋ ದುಡ್ಡಲ್ಲಿ ಕನಿಷ್ಠ 90 ಪರ್ಸೆಂಟ್ ಯೂನಿಟ್ ಇರೋರಿಗೆ ಕೊಡಲೇಬೇಕು ಅಂತ ನಿಯಮ. ದೇಶದ ಮೊದಲನೇ ರೀಟ್ ನಮ್ಮ ಬೆಂಗಳೂರಿನದ್ದೇ, ಎಂಬೆಸಿ, 2019ರ ಏಪ್ರಿಲಲ್ಲಿ ಲಿಸ್ಟ್ ಆಯ್ತು, ಮಾನ್ಯತಾ ಟೆಕ್ ಪಾರ್ಕ್ ಅದರದ್ದೇ. ನನ್ನ ಹತ್ರನೂ ಒಂದಷ್ಟು ಯೂನಿಟ್ ಇದೆ, ಹೆಬ್ಬಾಳದ ಕಡೆ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಾಗ ಈ ಜನ ಎಲ್ಲಾ ನನ್ನ ಬಾಡಿಗೆದಾರರೇ ಅಂದ್ಕೊಂಡು ಸಮಾಧಾನ ಮಾಡ್ಕೊಳ್ತೀನಿ. ಕೈಗೆ ಬರೋದು ಫ್ಲಾಟಿನ ಆ 2.8ಕ್ಕಿಂತ ಜಾಸ್ತಿನೇ, ಬೇಕಾದಾಗ ಅರ್ಧ ಮಾರಬಹುದು, ಫ್ಲಾಟಿನ ಅಡುಗೆಮನೆ ಒಂದನ್ನೇ ಮಾರೋಕಾಗುತ್ತಾ? ಆದ್ರೆ ದಿನಾ ಬೆಲೆ ಏರಿಳಿಯುತ್ತೆ, ಅದನ್ನ ನೋಡಿ ಎದೆ ಡವಡವ ಅನ್ನೋರಿಗೆ ಆಗಲ್ಲ. ಅಕ್ಕ ಅಂತೂ "ಕಣ್ಣಿಗೆ ಕಾಣ್ದೇ ಇರೋ ಆಸ್ತಿ ಎಂಥ ಆಸ್ತಿ" ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದ್ಲು.

ಬಾಡಿಗೆನಾ, ಭೋಗ್ಯನಾ?

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ತುಂಬಾ ಜನ ಇಲ್ಲೇ ಎಡವೋದು. 15 ಸಾವಿರ ಬಾಡಿಗೆ ಬರೋ ಮನೇನ 15 ಲಕ್ಷಕ್ಕೆ ಲೀಸಿಗೆ, ಅಂದ್ರೆ ಭೋಗ್ಯಕ್ಕೆ, ಹಾಕ್ತಾರೆ: ತಿಂಗಳ ಬಾಡಿಗೆ ಇಲ್ಲ, ಖಾಲಿ ಮಾಡೋವಾಗ ಅಷ್ಟೂ ದುಡ್ಡು ವಾಪಸ್ ಕೊಡಬೇಕು. ಒಟ್ಟಿಗೆ ಅಷ್ಟು ದುಡ್ಡು ಕೈಗೆ ಬಂದಾಗ ಖುಷಿ. ಆದ್ರೆ ನೀವು ವರ್ಷಕ್ಕೆ ಬಿಟ್ಟುಕೊಟ್ಟಿದ್ದು 1.8 ಲಕ್ಷ ಬಾಡಿಗೆ, ಅಂದ್ರೆ 15 ಲಕ್ಷವನ್ನ 12 ಪರ್ಸೆಂಟ್ ಬಡ್ಡಿಗೆ ಸಾಲ ತಗೊಂಡಂಗಾಯ್ತು. ಅದನ್ನ ತಗೊಂಡೋಗಿ 7 ಪರ್ಸೆಂಟಿಗೆ ಎಫ್‌ಡಿ ಇಟ್ರೆ ವರ್ಷಕ್ಕೆ 75 ಸಾವಿರ ಕೈಬಿಟ್ಟಂಗೆ. ಆ 12 ಪರ್ಸೆಂಟಿಗಿಂತ ದುಬಾರಿ ಕೈಸಾಲ ತೀರಿಸೋದಿದ್ರೆ ಲೀಸ್ ಸರಿ, ಇಲ್ಲಾಂದ್ರೆ ಬಾಡಿಗೇನೇ ಮೇಲು. ಮೂರು ವರ್ಷ ಆದ್ಮೇಲೆ 15 ಲಕ್ಷ ವಾಪಸ್ ಎಲ್ಲಿಂದ ತರ್ತೀರಿ ಅನ್ನೋದೂ ಇದೆ, ಬಹಳ ಜನ ಇನ್ನೊಬ್ಬ ಲೀಸಿನೋನ ದುಡ್ಡಿಂದಲೇ ತೀರಿಸ್ತಾರೆ, ಸರಪಳಿ ಎಲ್ಲಾದ್ರೂ ಒಂದು ಕಡೆ ಕಡಿದ್ರೆ ಪೊಲೀಸ್ ಸ್ಟೇಷನ್ನು.

ಇದೇ ಜಾಗದಲ್ಲಿ ಇನ್ನೊಂದು ಮೋಸ ನಡೀತಿದೆ. ಮ್ಯಾನೇಜ್‌ಮೆಂಟ್ ಕಂಪನಿ ಅಂತ ಬರ್ತಾರೆ, "ಸಾರ್, ಬಾಡಿಗೆದಾರರ ಚಿಂತೆ ನಮಗೆ ಬಿಡಿ, ತಿಂಗಳು ತಿಂಗಳು ಗ್ಯಾರಂಟಿ ಬಾಡಿಗೆ" ಅಂತ ಕೀ ತಗೊಳ್ತಾರೆ. ಒಳಗೊಳಗೆ ಅದೇ ಮನೇನ ಬೇರೆಯವರಿಗೆ ಲಕ್ಷಾಂತರ ರೂಪಾಯಿಗೆ ಲೀಸ್ ಹಾಕಿ, ನಾಲ್ಕಾರು ತಿಂಗಳು ನಿಮಗೆ ಬಾಡಿಗೆ ಕಟ್ಟಿ ಆಮೇಲೆ ಫೋನ್ ಸ್ವಿಚ್ ಆಫ್. ಮನೇಲಿರೋರು ಅಡ್ವಾನ್ಸ್ ಕೊಡೋ ತನಕ ಬಿಡಲ್ಲ ಅಂತಾರೆ, ಅವರದ್ದೂ ತಪ್ಪಿಲ್ಲ, ನಿಮ್ಮದೂ ಇಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಹಿಂಗೇ ಆಯ್ತು, ಅವನು ಅಮೆರಿಕಾದಲ್ಲಿ, ಕೋರ್ಟಿಗೆ ಅಲೆಯೋದು ನಾನು.

ಹಾಗಂತ ಮ್ಯಾನೇಜರ್ ಇಡಲೇಬೇಡಿ ಅಂತಲ್ಲ. ಫ್ಲಾಟ್ ದೂರ ಇದ್ರೆ, ಮಕ್ಕಳು ಹೊರದೇಶದಲ್ಲಿದ್ರೆ ಬೇಕೇ ಬೇಕು. ಬಾಡಿಗೆದಾರನ ಜೊತೆ ಅಗ್ರಿಮೆಂಟಿಗೆ ಸಹಿ ನಿಮ್ಮದೇ ಇರಬೇಕು, ಬಾಡಿಗೆ ಮತ್ತೆ ಅಡ್ವಾನ್ಸ್ ಎರಡೂ ನೇರ ನಿಮ್ಮ ಅಕೌಂಟಿಗೆ ಬೀಳಬೇಕು, ಮ್ಯಾನೇಜರಿಗೆ ಫೀಸ್ ನೀವು ಕೊಡಬೇಕು, ಉಲ್ಟಾ ಅಲ್ಲ. ಇಷ್ಟಕ್ಕೆ ಒಪ್ಪದೇ ಇರೋ ಕಂಪನಿ ಜೊತೆ ಮಾತೇ ಬೇಡ. ಎನ್‌ಆರ್‌ಐ ಹೆಸರಲ್ಲಿ ಮನೆ ಇದ್ರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ ಬಾಡಿಗೆದಾರನೇ 30 ಪರ್ಸೆಂಟ್ ಚಿಲ್ಲರೆ ಟಿಡಿಎಸ್ (ಬಾಡಿಗೆ ಕೊಡೋವಾಗಲೇ ಮುರಿಯೋ ಇನ್ಕಮ್ ಟ್ಯಾಕ್ಸ್) ಹಿಡಿದು ಕಟ್ಟಬೇಕು, ಇದು ಗೊತ್ತಾದ ತಕ್ಷಣ ಎಷ್ಟೋ ಜನ ಮನೇನೇ ಬೇಡ ಅಂತ ಹೋಗ್ತಾರೆ, ಅದನ್ನೂ ಲೆಕ್ಕದಲ್ಲಿ ಇಟ್ಕೊಳ್ಳಿ.

ಅಗ್ರಿಮೆಂಟು 11 ತಿಂಗಳಿಗೆ ಯಾಕೆ ಅಂದ್ರೆ ವರ್ಷ ದಾಟಿದ್ರೆ ನೋಂದಣಿ ಕಡ್ಡಾಯ, ಅಷ್ಟೇ, ಇನ್ಯಾವ ಗುಟ್ಟೂ ಇಲ್ಲ. 1999ರ ರಾಜ್ಯದ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯ ಆಗಲ್ಲ, ಈ ಕಾಲದಲ್ಲಿ ಅದರೊಳಗೆ ಒಂದು ರೂಮೂ ಸಿಗಲ್ಲ, ಹಂಗಾಗಿ ಜಗಳ ಆದ್ರೆ ಸಿವಿಲ್ ಕೋರ್ಟೇ ಗತಿ, ವರ್ಷಗಟ್ಟಲೆ. ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳೋಕೆ ಈ ಭಯಾನೇ ಒಂದು ಕಾರಣ. ಕೇಂದ್ರದ 2021ರ ಮಾದರಿ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತೆ. ನಾನು ಈಗ ಐದು ತಗೊಳ್ತೀನಿ, ಹತ್ತು ಕೇಳಿದ್ರೆ ಒಳ್ಳೇ ಬಾಡಿಗೆದಾರರು ಪಕ್ಕದ ಬೀದಿಗೆ ಹೋಗ್ತಾರೆ, ಉಳಿಯೋರು ಬೇರೆಲ್ಲೂ ಮನೆ ಸಿಗದೇ ಇರೋರು. ಅದೇ ರೀತಿ ವರ್ಷ ವರ್ಷ ಕಡ್ಡಾಯವಾಗಿ ಏರಿಸೋದು ಬಿಟ್ಟಿದೀನಿ. 20 ಸಾವಿರದ ಮನೆಗೆ 5 ಪರ್ಸೆಂಟ್ ಅಂದ್ರೆ ವರ್ಷಕ್ಕೆ 12 ಸಾವಿರ, ಅದಕ್ಕೆ ಬೇಜಾರಾಗಿ ಖಾಲಿ ಮಾಡಿದ್ರೆ ಒಂದೇ ತಿಂಗಳಲ್ಲಿ 20 ಹೋಯ್ತು, ಬ್ರೋಕರು ಬೇರೆ.

ಏರಿಯಾ ನೋಡೋಕೆ ಆನ್‌ಲೈನ್ ರೇಟ್ ನಂಬಬೇಡಿ, ಅದು ಕೇಳೋ ರೇಟು, ಕೊಡೋ ರೇಟಲ್ಲ. ಭಾನುವಾರ ಬೆಳಗ್ಗೆ ಆ ಬೀದೀಲಿ ನಡ್ಕೊಂಡು ಹೋಗಿ ಟು ಲೆಟ್ ಬೋರ್ಡ್ ಎಣಿಸಿ, ಬಿಸಿಲಿಗೆ ಬಣ್ಣ ಹೋಗಿರೋ ಬೋರ್ಡ್ ಎಷ್ಟು ನೋಡಿ, ಇಸ್ತ್ರಿ ಅಂಗಡೀಲಿ ವಿಚಾರಿಸಿ, ಯಾವ ಮನೆಗೆ ಯಾರು ಬಂದ್ರು ಯಾಕೆ ಬಿಟ್ರು ಅನ್ನೋದು ಅವರಿಗೆ ಗೊತ್ತಿರೋಷ್ಟು ಬ್ರೋಕರಿಗೂ ಗೊತ್ತಿರಲ್ಲ.

ಹೋದ ಭಾನುವಾರ ಭಾವನ್ನ ಕರ್ಕೊಂಡು ಅವರ ಸೈಟಿನ ಸುತ್ತಮುತ್ತ ನಾಲ್ಕು ಬೀದಿ ಸುತ್ತಿದ್ವಿ. ಹನ್ನೊಂದು ಬೋರ್ಡು. ಭಾವನ ಮುಖ ಸಣ್ಣದಾಯ್ತು. ಮೂಲೇಲಿ ಇಸ್ತ್ರಿ ಮಾಡ್ತಿದ್ದೋರನ್ನ ಕೇಳಿದ್ರೆ, "ಏಳು ಈ ತಿಂಗಳು ಹಾಕಿರೋದು ಸಾರ್, ಹೋಗ್ಬಿಡುತ್ತೆ. ಆ ಕಡೇದು ನಾಲ್ಕು ಇದಾವಲ್ಲ, ಅವು ವರ್ಷದಿಂದ ಹಂಗೇ ಇದಾವೆ, ಕಾವೇರಿ ಕನೆಕ್ಷನ್ ತಗೊಂಡಿಲ್ಲ, ಬೋರ್ ನೀರು, ಯಾರೂ ನಿಲ್ಲಲ್ಲ" ಅಂದ್ರು. ಸೋಮವಾರ ಹತ್ತೂವರೆಗೆಲ್ಲ ಭಾವ ಜಲಮಂಡಳಿ ಆಫೀಸಲ್ಲಿ ಕ್ಯೂ ನಿಂತು ಫೋನ್ ಮಾಡಿದ್ರು, "ಅಪ್ಲಿಕೇಷನ್‌ಗೆ ಖಾತಾ ಕಾಪಿ ಕೇಳ್ತಿದಾರೆ, ನಿನ್ನ ಹತ್ರ ಸ್ಕ್ಯಾನ್ ಮಾಡಿದ್ದು ಇತ್ತಲ್ಲ, ಕಳ್ಸೋ."